ಮುಹೂರ್ತವಿಲ್ಲದ ಗಟ್ಟಿಮೇಳ: ನಮ್ಮ ಕ್ಲಬ್ಬಿನ ಒಂದು ಕೊಲೆ ಪ್ರಕರಣ

ನಾನು ಖಜಾಂಚಿ, ಆದ್ದರಿಂದ ಲೆಕ್ಕದಿಂದಲೇ ಶುರು ಮಾಡುತ್ತೇನೆ. 2024ರ ನವೆಂಬರ್‌ನ ಒಂದು ಶನಿವಾರ ಸಂಜೆ, ಒಂದು ಶಾಲೆಗೆ ಹಣ ಕೂಡಿಸಲೆಂದು, ಮೈಸೂರಿನ ನಮ್ಮ ಬಡಾವಣೆಯ ಕ್ಲಬ್ಬು ಊಟದ ಜೊತೆಗೊಂದು ಕೊಲೆಯನ್ನೂ ಏರ್ಪಡಿಸಿತ್ತು. ಟಿಕೆಟ್ ತಲಾ 700 ರೂಪಾಯಿ. ದುಡ್ಡು ಕೊಟ್ಟು ಬಂದವರು 132 ಜನ. ಒಟ್ಟು 92,400. ಊಟಕ್ಕೆ 41,600, ಛತ್ರಕ್ಕೆ 12,000, ಮೈಕು ಮತ್ತು ದೀಪಕ್ಕೆ 8,500, ವಾಲಗದವರಿಗೆ 6,000, ಮುದ್ರಣಕ್ಕೆ 4,800, ಚಿಲ್ಲರೆ ಖರ್ಚು 3,150. ಕಳೆದರೆ ಟಿಕೆಟ್ಟಿನಿಂದ ಉಳಿದದ್ದು 16,350. ಮೂರು ತಿಂಗಳು ಒಂದು ಡಜನ್ ಜನ ಚಪ್ಪಲಿ ಸವೆಸಿದ್ದಕ್ಕೆ ಸಿಕ್ಕಿದ್ದು ಇಷ್ಟು. ಅದೇ 132 ಜನರ ಮನೆ ಬಾಗಿಲಿಗೆ ಹೋಗಿ ತಲಾ 125 ರೂಪಾಯಿ ಕೇಳಿದ್ದರೆ ಒಂದೇ ಭಾನುವಾರದಲ್ಲಿ ಅಷ್ಟು ಹಣ ಆಗಿಬಿಡುತ್ತಿತ್ತು.

ಆದರೆ ಕೊನೆಗೆ ಕೂಡಿದ್ದು 1,06,650 ರೂಪಾಯಿ. ಮಿಕ್ಕ ತೊಂಬತ್ತು ಸಾವಿರ ಎಲ್ಲಿಂದ ಬಂತು, ಅದಕ್ಕಾಗಿ ನಾವು ಮಾಡಿಕೊಂಡ ಎಡವಟ್ಟುಗಳೇನು ಎಂದು ಬರೆದಿಡಲು ಕಮಿಟಿ ಹೇಳಿತು. ಬೇರೆ ಸಂಘದವರು ಇಂಥದ್ದಕ್ಕೆ ಕೈ ಹಾಕುವುದಾದರೆ ಉಪಯೋಗಕ್ಕೆ ಬಂದೀತು.

ಈ ಕೊಲೆಯ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅತಿಥಿಗಳು ಊಟಕ್ಕೆ ಕೂತಿರುತ್ತಾರೆ, ಅವರ ನಡುವೆಯೇ ಒಂದು ನಾಟಕ ನಡೆಯುತ್ತದೆ, ಒಬ್ಬ ಸಾಯುತ್ತಾನೆ. ಸುಳಿವುಗಳು ಒಂದೊಂದಾಗಿ ಸಿಗುತ್ತವೆ. ಪ್ರತಿ ಟೇಬಲ್ಲಿನವರೂ ಸೇರಿ ಕೊಲೆಗಾರ ಯಾರು, ಹೇಗೆ ಗೊತ್ತಾಯಿತು ಎಂದು ಬರೆದು ಕೊಡಬೇಕು. ಇಂಗ್ಲೆಂಡಿನ ಬಂಗಲೆ, ಬಟ್ಲರು, ಪೈಪು ಸೇದುವ ಪತ್ತೇದಾರ, ಇವೆಲ್ಲ ಇದರ ತವರಿನ ಸಾಮಾನು. ಬರ್ಮಿಂಗ್‌ಹ್ಯಾಮ್‌ನ ಆಂಥನಿ ಪ್ರ್ಯಾಟ್ ಎಂಬವರು ಯುದ್ಧಕಾಲದಲ್ಲಿ, 1944ರಲ್ಲಿ, ಇಂಥದ್ದೇ ಕಲ್ಪನೆಗೆ ಪೇಟೆಂಟ್ ಅರ್ಜಿ ಹಾಕಿದ್ದರು. 1949ರಲ್ಲಿ ಅದು ಕ್ಲೂಡೊ ಎಂಬ ಹೆಸರಲ್ಲಿ ಡಬ್ಬಿಯೊಳಗಿನ ಆಟವಾಗಿ ಅಂಗಡಿಗೆ ಬಂತು. ನಮ್ಮಲ್ಲಿ ನಾಲ್ಕು ಚೀಟಿ ಮಡಚಿ ಎಸೆದು ರಾಜ ರಾಣಿ ಕಳ್ಳ ಪೊಲೀಸ್ ಆಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲೂ ಪೊಲೀಸ್ ಚೀಟಿ ಬಂದವನು ಮುಖ ನೋಡಿಯೇ ಕಳ್ಳನನ್ನು ಹಿಡಿಯಬೇಕು.

ಹಣ ಬೇಕಾಗಿದ್ದದ್ದು ಕಿವಿ ಕೇಳದ ಮಕ್ಕಳ ಒಂದು ಶಾಲೆಗೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದರಿಂದ ಮಗುವಿಗೆ ಮಾತು ಕಲಿಸಲೆಂದೇ ಊರು ಬಿಟ್ಟು ಇಲ್ಲಿ ಬಾಡಿಗೆ ಮನೆ ಹಿಡಿದ ಕುಟುಂಬಗಳಿವೆ. ಹಿಯರಿಂಗ್ ಏಡ್ ಕೊಡುವ ಸರ್ಕಾರಿ ಯೋಜನೆಗಳಿವೆ. ದಾನಿಗಳೂ ಯಂತ್ರ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಆಮೇಲಿನದನ್ನು ಯಾರೂ ಕೇಳುವುದಿಲ್ಲ. ಯಂತ್ರದ ತುದಿಗೆ ಕಿವಿಯ ಅಳತೆಗೆ ಮಾಡಿಸಿದ ಒಂದು ಅಚ್ಚು ಇರುತ್ತದೆ. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಅಚ್ಚು ಸಡಿಲವಾಗುತ್ತದೆ, ಸಂದಿಯಿಂದ ಸದ್ದು ಸೋರಿ ಯಂತ್ರ ಕುಂಯ್ ಎಂದು ಸೀಟಿ ಹೊಡೆಯುತ್ತದೆ. ಮಗು ತೆಗೆದು ಜೇಬಿಗೆ ಹಾಕಿಕೊಳ್ಳುತ್ತದೆ. ಬ್ಯಾಟರಿ ಅಂಗಿ ಗುಂಡಿಯಷ್ಟೇ. ಮೇಲಿನ ಸ್ಟಿಕ್ಕರ್ ಕಿತ್ತರೆ ಗಾಳಿ ತಗುಲಿ ಕೆಲಸ ಶುರುವಾಗುತ್ತದೆ, ಮತ್ತೆ ಅಂಟಿಸಿದರೆ ನಿಲ್ಲುವುದಿಲ್ಲ. ಒಂದು ಕಿವಿಗೆ ಹತ್ತು ದಿನ ಎಂದಿಟ್ಟುಕೊಂಡರೂ ಎರಡು ಕಿವಿಗೆ ವರ್ಷಕ್ಕೆ ಎಪ್ಪತ್ತರ ಮೇಲೆ ಬೇಕು. ನಲವತ್ತು ಮಕ್ಕಳ ಒಂದು ವರ್ಷದ ಬ್ಯಾಟರಿಗೆ 80,000, ಅಚ್ಚುಗಳಿಗೆ 24,000 ಎಂದು ಮುಖ್ಯೋಪಾಧ್ಯಾಯಿನಿ ಹಾಳೆಯ ಮೇಲೆ ಬರೆದುಕೊಟ್ಟಿದ್ದರು. ನಮ್ಮ ಗುರಿ ಅದೇ ಹಾಳೆ.

ಕೊಲೆಗೆ ಆಕ್ಷೇಪಣೆ

ಮೊದಲ ಮೀಟಿಂಗಿನಲ್ಲೇ ನಮ್ಮ ಹಿರಿಯ ಸದಸ್ಯರೊಬ್ಬರು ಎದ್ದು ನಿಂತರು. "ಹೆಣ ತೋರಿಸಿ ದಾನ ಎತ್ತೋದಾ? ಮಕ್ಕಳ ಹೆಸರಲ್ಲಿ? ಒಂದು ಸುಗಮ ಸಂಗೀತ ಇಟ್ಕೊಳ್ರಪ್ಪ." ಸುಗಮ ಸಂಗೀತ ಹಿಂದಿನ ಎರಡು ವರ್ಷ ಇಟ್ಟುಕೊಂಡಿದ್ದೆವು; ಮೂರನೇ ಹಾಡಿಗೆ ಅರ್ಧ ಜನ ಬೋಂಡದ ಕಡೆ ಹೋಗಿದ್ದರು. ಅವರಿಗೆ ಉತ್ತರ ಕೊಟ್ಟವರು ನಮ್ಮ ಮೇಷ್ಟ್ರು, ನಿವೃತ್ತ ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರು. 1954ರಲ್ಲಿ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ ತಮ್ಮೂರ ಪಕ್ಕದ ಚರ್ಚಿಗೆ, ಇಂಗ್ಲೆಂಡಿನ ಡೆವನ್‌ನ ಚರ್ಸ್ಟನ್ ಫೆರರ್ಸ್‌ನಲ್ಲಿ, ಬಣ್ಣದ ಗಾಜಿನ ಕಿಟಕಿ ಮಾಡಿಸಲು ಒಂದು ಕೊಲೆ ಕಥೆ ಬರೆದರಂತೆ. ಅದರ ಸಂಭಾವನೆ ಚರ್ಚಿಗೆ ಎಂದು. ಸಣ್ಣ ಕಥೆಗೆ ಉದ್ದ, ಕಾದಂಬರಿಗೆ ಗಿಡ್ಡ ಎಂದು ಪತ್ರಿಕೆಗಳಲ್ಲಿ ಅದು ಮಾರಾಟವಾಗಲಿಲ್ಲ. ಆಕೆ ಚರ್ಚಿಗೆ ಬೇರೊಂದು ಸಣ್ಣ ಕಥೆ ಬರೆದುಕೊಟ್ಟು, ಮೊದಲಿನದನ್ನು ಹಿಗ್ಗಿಸಿ ಕಾದಂಬರಿ ಮಾಡಿಕೊಂಡರು. ಆ ಕಾದಂಬರಿಯಲ್ಲಿ ಊರ ಜಾತ್ರೆಯಂಥ ಸಮಾರಂಭದಲ್ಲಿ ಸುಳ್ಳು ಕೊಲೆಯ ಆಟ ಇಟ್ಟಿರುತ್ತಾರೆ, ಹೆಣದ ಪಾತ್ರ ಮಾಡಬೇಕಾದ ಹುಡುಗಿ ನಿಜವಾಗಿಯೇ ಹೆಣವಾಗಿರುತ್ತಾಳೆ. "ಚರ್ಚಿಗೇ ನಡೆಯುತ್ತೆ ಅಂದ್ರೆ ನಮ್ಮ ಕ್ಲಬ್ಬಿಗೇನು ಸ್ವಾಮಿ?" ಎಂದರು ಮೇಷ್ಟ್ರು. ಹಿರಿಯರು ಒಪ್ಪಿದರು, ಕಥೆಯ ಕೊನೇ ಭಾಗ ತಮಗೆ ಇಷ್ಟವಾಗಲಿಲ್ಲ ಎಂದೂ ಸೇರಿಸಿದರು.

ವಿದೇಶದಿಂದ ಸಿದ್ಧ ನಾಟಕದ ಕಿಟ್ ತರಿಸುವ ಸಲಹೆ ಬಂತು. ಟಿಕೆಟ್ ಮಾರಿ ಆಡಿಸುವುದಾದರೆ ಅದಕ್ಕೆ ಬೇರೆ ಅನುಮತಿ, ಬೇರೆ ದರ. ಅದೂ ಅಲ್ಲದೆ ನಮ್ಮ ಬಡಾವಣೆಯಲ್ಲಿ ಬಟ್ಲರನ್ನು ಕಂಡವರು ಯಾರು? ಮೇಷ್ಟ್ರೇ ಬರೆಯಲು ಕೂತರು. ಮದುವೆ ಮನೆ ಇಟ್ಟುಕೊಳ್ಳೋಣ ಎಂದದ್ದು ನಾನು, ಅದೂ ಪೂರ್ತಿ ಜಿಪುಣತನದಿಂದ. ಛತ್ರವೇ ರಂಗಸ್ಥಳ, ಚಪ್ಪರವೇ ಸೆಟ್ಟು, ಎಲೆ ಊಟವೇ ದೃಶ್ಯ. ಬಂದವರೆಲ್ಲ ಬೀಗರು. ಟಿಕೆಟ್ಟನ್ನು ಲಗ್ನಪತ್ರಿಕೆಯ ಹಾಗೆ ಅಚ್ಚು ಹಾಕಿಸಿದೆವು. ಅದರ ಹಿಂಬದಿಯಲ್ಲಿ ಜಾಗ ಪಡೆದ ಒಂದು ಸೀರೆ ಅಂಗಡಿ, ಒಂದು ಪಾತ್ರೆ ಅಂಗಡಿ ತಲಾ 15,000 ಕೊಟ್ಟವು. ಅವರಿಗೆ ಒಂದೊಂದು ಟೇಬಲ್ ಬಿಟ್ಟಿ. ಈ 30,000 ನಾಟಕಕ್ಕೆ ಬಂದದ್ದಲ್ಲ, ಲಗ್ನಪತ್ರಿಕೆಗೆ ಬಂದದ್ದು. ಮದುವೆ ಸೀಸನ್ನಿನಲ್ಲಿ ಸೀರೆ ಅಂಗಡಿಯವರು ಸಾದಾ ಕರಪತ್ರಕ್ಕೆ ಅಷ್ಟು ಕೊಡುತ್ತಿರಲಿಲ್ಲ.

ಕಥೆ ಮೂರು ಸಲ ಬದಲಾಯಿತು. ಮೊದಲ ಕರಡಿನಲ್ಲಿ ಪಾಯಸದಲ್ಲಿ ವಿಷ ಇತ್ತು. ಅಡುಗೆ ಕಂಟ್ರಾಕ್ಟರ್ ಭಟ್ಟರು ಒಪ್ಪಲಿಲ್ಲ. "ನೂರೈವತ್ತು ಜನರ ಮುಂದೆ ನನ್ನ ಪಾಯಸದಲ್ಲಿ ವಿಷ ಅಂತ ಮೈಕಲ್ಲಿ ಹೇಳ್ತೀರಿ. ನಾಳೆ ನನಗೆ ಆರ್ಡರ್ ಕೊಡೋರು ಯಾರು ಸಾರ್?" ನ್ಯಾಯವಾದ ಮಾತು. ವಿಷ ಹೋಗಿ ಒರಳಿನ ಗುಂಡುಕಲ್ಲು ಬಂತು. ಎರಡನೇ ಕರಡಿನಲ್ಲಿ ವರದಕ್ಷಿಣೆಯ ಜಗಳದಲ್ಲಿ ಕೊಲೆ. ನಮ್ಮ ಕಾರ್ಯದರ್ಶಿ ಅಕ್ಕ ಪೆನ್ನು ತೆಗೆದು ಆ ಪುಟವನ್ನೇ ಅಡ್ಡ ಹೊಡೆದರು. ನಿಜಕ್ಕೂ ಹೆಣ್ಣುಮಕ್ಕಳು ಸಾಯುವ ಕಾರಣವನ್ನು ಊಟದ ಮಧ್ಯೆ ತಮಾಷೆ ಮಾಡಬೇಡಿ ಎಂದರು. ಇದರ ಮೇಲೆ ಚರ್ಚೆ ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಸತ್ತವನು ಹುಡುಗಿಯ ಸೋದರಮಾವ, ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಎಲ್ಲರ ಮೇಲೆ ಜೋರು ಮಾಡುವ ಮನುಷ್ಯ ಎಂದಾಯಿತು. ಪ್ರತಿ ಮನೆಯಲ್ಲೂ ಅಂಥವರೊಬ್ಬರು ಇರುವುದರಿಂದ ಯಾರಿಗೂ ಹೆಚ್ಚು ದುಃಖ ಆಗಲಿಲ್ಲ.

ಮೂರನೇ ಬದಲಾವಣೆ ಮದುಮಗಳದು. ಆ ಪಾತ್ರಕ್ಕೆ ಒಪ್ಪಿದ್ದ ಹುಡುಗಿಗೆ ಮನೆಯಲ್ಲಿ ಗಂಡು ನೋಡುತ್ತಿದ್ದರು. ಹೆಣ ಬೀಳುವ ಮದುವೆಯಲ್ಲಿ ಮೊಮ್ಮಗಳು ಬಾಸಿಂಗ ಕಟ್ಟಿಕೊಳ್ಳುವುದು ಬೇಡ ಎಂದು ಅಜ್ಜಿ ಹಟ ಹಿಡಿದರು. ಕಥೆಯನ್ನು ಮದುವೆಯ ಹಿಂದಿನ ಸಂಜೆಗೆ, ವರಪೂಜೆಗೆ, ತಂದೆವು. ಮದುಮಗಳು ವೇದಿಕೆಗೆ ಬರುವುದೇ ಇಲ್ಲ. ಯಾರು ಕೇಳಿದರೂ "ಮೇಕಪ್ ನಡೀತಿದೆ" ಎಂಬ ಒಂದೇ ಉತ್ತರ. ಇದು ನಮ್ಮ ಕೈ ಕಚ್ಚಿತು, ಮುಂದೆ ಹೇಳುತ್ತೇನೆ.

ಕಾನೂನಿನ ವಿಷಯ ಚುಟುಕಾಗಿ. ಲಕ್ಕಿ ಡಿಪ್ ಇಡುವ ಆಸೆ ನಮಗಿತ್ತು. ಚೀಟಿ ಮಾರಿ ಅದೃಷ್ಟದ ಮೇಲೆ ಬಹುಮಾನ ಕೊಟ್ಟರೆ ಅದು ಲಾಟರಿ, ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿದೆ ಎಂದು ನಮ್ಮ ಲಾಯರ್ ಸದಸ್ಯರು ಅದನ್ನು ಪಟ್ಟಿಯಿಂದ ತೆಗೆಸಿದರು. ತಲೆ ಓಡಿಸಿ ಕೊಲೆಗಾರನನ್ನು ಹಿಡಿದವರಿಗೆ ಬಹುಮಾನ ಕೊಡಲು ಅವರ ತಕರಾರಿರಲಿಲ್ಲ. ವಾಲಗ ಬಾಗಿಲ ಹೊರಗೂ ನುಡಿಯುವುದರಿಂದ ಹತ್ತು ಗಂಟೆಯೊಳಗೆ ಎಲ್ಲ ಮುಗಿಯಬೇಕೆಂದು ಠಾಣೆಗೆ ಪತ್ರ ಕೊಟ್ಟು ಬಂದೆವು.

ಸುಳಿವಿನ ವ್ಯಾಪಾರ

ಹಣ ಹುಟ್ಟಬೇಕಾದ್ದು ಇಲ್ಲಿ ಎಂದು ನಾನು ಲೆಕ್ಕ ಹಾಕಿದ್ದೆ. ಹನ್ನೆರಡು ಸುಳಿವು, ಒಂದೊಂದೂ ಮುಚ್ಚಿದ ಕವರಿನಲ್ಲಿ, ಕವರಿಗೆ 100 ರೂಪಾಯಿ. ಇಪ್ಪತ್ತನಾಲ್ಕು ಟೇಬಲ್. ಎಲ್ಲರೂ ಎಲ್ಲ ಕೊಂಡರೆ 28,800. ನಾಟಕ ನೋಡಿಯೇ ಬಿಡಿಸಬಹುದು, ಆದರೆ ಕವರ್ ಕೊಂಡವರಿಗೆ ಸುಲಭ. ಈ ನಿಯಮ ನನ್ನದು, ಇದರಲ್ಲಾದ ತಪ್ಪೂ ನನ್ನದೇ.

ಏಳು ಗಂಟೆಗೆ ಕೋಸಂಬರಿ ಬಡಿಸುವ ಹೊತ್ತಿಗೆ ಆರನೇ ಟೇಬಲ್ಲಿನವರು ಹನ್ನೆರಡನ್ನೂ ಒಟ್ಟಿಗೆ ಕೊಂಡರು. ಅಲ್ಲಿ ಕೂತಿದ್ದವರಿಗೆ 1,200 ರೂಪಾಯಿ ದೊಡ್ಡದಲ್ಲ. ಪಕ್ಕದಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ಕುಟುಂಬ. ಅವರಿಗೆ ಟಿಕೆಟ್ಟೇ ದುಬಾರಿಯಾಗಿತ್ತು. "ದುಡ್ಡಿದ್ದೋರಿಗೆ ಉತ್ತರ ಮೊದಲೇ ಕೊಟ್ಬಿಟ್ಟಿದ್ದೀರಲ್ಲ" ಎಂದು ಆ ಮನೆಯ ಯಜಮಾನತಿ ನನಗೆ ಕೇಳಿಸುವ ಹಾಗೇ ಹೇಳಿದರು. ಇನ್ನೊಂದು ಕಡೆ ಎರಡನೇ ಟೇಬಲ್ಲಿನ ಕಾಲೇಜು ಹುಡುಗ ಕೊಂಡ ಸುಳಿವಿನ ಫೋಟೊ ತೆಗೆದು ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ. ಒಳ್ಳೆ ಮನಸ್ಸಿನಿಂದಲೇ ಹಾಕಿದ್ದು, ಪಾಪ. ವ್ಯಾಪಾರ ನಿಂತೇ ಹೋಯಿತು. ಎಂಟು ಗಂಟೆಗೆ ಎಣಿಸಿದಾಗ ಮಾರಾಟವಾದದ್ದು 61 ಕವರ್, 6,100 ರೂಪಾಯಿ. ಎದುರಿಗೆ ಗೊಣಗುವ ಟೇಬಲ್ಲುಗಳು.

ಉಪಾಯ ಹೊಳೆದದ್ದು ಮೇಷ್ಟ್ರಿಗೆ. ಅವರ ಊರಿನ ಕಡೆ ಮದುವೆಗಳಲ್ಲಿ ಮುಯ್ಯಿಯನ್ನು ಮೈಕಿನಲ್ಲಿ ಕೂಗುತ್ತಾರೆ: ಇಂಥ ಊರಿನ ಇಂಥವರಿಂದ ಇಷ್ಟು. ದ್ವಿತೀಯಾರ್ಧಕ್ಕೆಂದು ಅವರು ಐದು ಸುಳಿವು ಬೇರೆ ಇಟ್ಟುಕೊಂಡಿದ್ದರು. ಅವನ್ನು ಕವರಿನಲ್ಲಿ ಮಾರುವ ಬದಲು ಹರಾಜು ಹಾಕಿದರು. ಗೆದ್ದ ಟೇಬಲ್ಲಿಗೆ ಸಿಗುವುದು ಹೆಸರು ಮಾತ್ರ; ಸುಳಿವನ್ನು ಮೈಕಿನಲ್ಲಿ ಓದುತ್ತಾರೆ, ಎಲ್ಲರಿಗೂ. "ಹದಿಮೂರನೇ ಟೇಬಲ್ಲಿನ ಬೀಗರಿಂದ ಒಂದು ಸಾವಿರದ ಐನೂರು ರೂಪಾಯಿ ಮುಯ್ಯಿ! ಇದೋ ಕೇಳಿ, ಇಡೀ ಚಪ್ಪರಕ್ಕೆ ಒಂದು ಸುಳಿವು!" ಹಿಂದೆಯೇ ಡೋಲು ಒಂದು ಪೆಟ್ಟು.

ನಾನು ಬೇಡವೆಂದೆ. ಬಿಟ್ಟಿ ಸಿಗುವುದನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ ಎಂಬುದು ನನ್ನ ವಾದ. ಮೊದಲನೆಯದು 1,500ಕ್ಕೆ ಹೋಯಿತು, ಎರಡನೆಯದು 2,200, ಮೂರನೆಯದು 2,000, ನಾಲ್ಕನೆಯದು 3,500. ಐದನೆಯದನ್ನು ಆರನೇ ಟೇಬಲ್ಲಿನವರೇ 4,000ಕ್ಕೆ ಕೂಗಿದರು. ಅರ್ಧ ಗಂಟೆಯಲ್ಲಿ 13,200. ಗುಟ್ಟು ಹೇಗೂ ಸೋರಿ ಹೋಗಿತ್ತು. ಉಳಿದಿದ್ದು ಹೆಸರು, ಅದನ್ನು ಮಾರಿದೆವು. ಮುಯ್ಯಿ ಕೂಗುವುದು ಒರಟು ಪದ್ಧತಿ, ಬಡ ನೆಂಟರಿಗೆ ಮುಜುಗರ ಎಂದೇ ನಾನು ತಿಳಿದವನು. ಮದುವೆಯ ವಿಷಯದಲ್ಲಿ ಈಗಲೂ ಹಾಗೇ ಅನ್ನಿಸುತ್ತದೆ. ಅವತ್ತು ಮಾತ್ರ ಅದರಿಂದ ಪೋಸ್ಟ್‌ಮ್ಯಾನ್ ಟೇಬಲ್ಲಿಗೂ ಸುಳಿವು ಸಿಕ್ಕಿತು.

ನಡುವೆ ಒಂದು ಅಡಚಣೆ. ನಮ್ಮ ಇನ್‌ಸ್ಪೆಕ್ಟರ್ ಪಾತ್ರಧಾರಿ ಬಂದು, "ಇದು ತ್ರೀ ನಾಟ್ ಟೂ ಕೇಸು, ಯಾರೂ ಅಲ್ಲಾಡಬೇಡಿ" ಎಂದು ಗುಡುಗಿದ. ಏಳನೇ ಟೇಬಲ್ಲಿನಿಂದ ನಿವೃತ್ತ ಸಬ್ ಇನ್‌ಸ್ಪೆಕ್ಟರ್ ಒಬ್ಬರು ಎದ್ದರು. "302 ಹೋಯ್ತು ಸ್ವಾಮಿ. ಜುಲೈ ಒಂದರಿಂದ ಭಾರತೀಯ ನ್ಯಾಯ ಸಂಹಿತೆ, ಕೊಲೆಗೆ 103. ಅದಿರಲಿ, ಶವ ಪಂಚನಾಮೆ ಆಗದೆ ಹೆಣ ಯಾಕೆ ಎತ್ತಿದ್ರಿ?" ಹೆಣವನ್ನು ಎತ್ತಲು ಕಾರಣವಿತ್ತು: ಸೋದರಮಾವನ ಪಾತ್ರಧಾರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು. ಅವರು ಹಿಂದಿನ ಸಾಲಿನಲ್ಲಿ ಕೂತು ಸಾರನ್ನ ಕಲಸುತ್ತಿದ್ದರು. ಸಿನಿಮಾ ನೋಡಿ ಬೆಳೆದ ನಮ್ಮ ನಾಲಿಗೆಯಿಂದ ತ್ರೀ ನಾಟ್ ಟೂ ಹೋಗಲು ಇನ್ನೂ ಒಂದು ತಲೆಮಾರು ಬೇಕು.

ಯಾರು ಕೊಂದರು

ಈ ನಾಟಕವನ್ನು ಮತ್ತೆ ಆಡುವುದಿಲ್ಲ, ಹಾಗಾಗಿ ಹೇಳಬಹುದು. ಕೊಂದವನು ವರನ ಭಾವಮೈದ, ಮುಯ್ಯಿ ಪುಸ್ತಕ ಬರೆಯಲು ಕೂತವನು. ಬಂದ ದುಡ್ಡಿನಲ್ಲಿ ಒಂದಷ್ಟನ್ನು ಬರೆಯದೆ ಜೇಬಿಗಿಳಿಸುತ್ತಿದ್ದ, ಸೋದರಮಾವ ನೋಡಿಬಿಟ್ಟ. ಪುಸ್ತಕದಲ್ಲಿ ಏಳು ಗಂಟೆ ಇಪ್ಪತ್ತು ನಿಮಿಷದ ನಂತರದ ಮೂರು ಸಾಲು ಬೇರೆ ಕೈಬರಹದಲ್ಲಿವೆ, ಆ ಹೊತ್ತಿನಲ್ಲಿ ಅವನು ಜಾಗದಲ್ಲಿರಲಿಲ್ಲ. ಇದು ಕವರಿನಲ್ಲಿದ್ದ ಸುಳಿವು. ಆದರೆ ಮುಖ್ಯ ಸುಳಿವನ್ನು ನಾವು ಮಾರಲೇ ಇಲ್ಲ, ಎಲ್ಲರ ಕಿವಿಯ ಮೇಲೆ ಬಾರಿಸಿದ್ದೆವು. ಉಗ್ರಾಣದ ಕಡೆ ಹೋಗುವಾಗ ಅವನು ವಾಲಗದವರತ್ತ ಬೆರಳೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗುತ್ತಾನೆ. ವಾಲಗ ಜೋರಾಗುತ್ತದೆ, ಒಳಗಿನ ಕೂಗು ಮುಚ್ಚಿಹೋಗುತ್ತದೆ. ಗಟ್ಟಿಮೇಳ ಇರುವುದೇ ಅದಕ್ಕೆ: ತಾಳಿ ಕಟ್ಟುವ ಕ್ಷಣದಲ್ಲಿ ಸೀನು, ಅಪಶಬ್ದ ಯಾವುದೂ ಕಿವಿಗೆ ಬೀಳಬಾರದು. ಆದರೆ ವರಪೂಜೆಯ ರಾತ್ರಿ ತಾಳಿ ಎಲ್ಲಿಯದು?

ವಾಲಗದವರು ವೃತ್ತಿಯವರು. ರಿಹರ್ಸಲ್‌ನಲ್ಲಿ ನಾದಸ್ವರದ ಹಿರಿಯರು ನುಡಿಸಲು ಒಪ್ಪಲೇ ಇಲ್ಲ, "ಮುಹೂರ್ತ ಇಲ್ದೆ ಗಟ್ಟಿಮೇಳ ನುಡಿಸಲ್ಲ ಸ್ವಾಮಿ" ಎಂದು. ಅದೇ ಉತ್ತರ ಎಂದು ಅವರ ಕಿವಿಯಲ್ಲಿ ಹೇಳಿದ ಮೇಲೆ ನಕ್ಕು ಒಪ್ಪಿದರು.

ಇಪ್ಪತ್ತನಾಲ್ಕು ಟೇಬಲ್ಲುಗಳಲ್ಲಿ ಸರಿಯುತ್ತರ ಬರೆದವು ಐದು. ಆರು ಟೇಬಲ್ ಅಡುಗೆಯವನನ್ನು ಹಿಡಿದವು, ನಾಲ್ಕು ಫೋಟೊಗ್ರಾಫರನ್ನು. ಒಂಬತ್ತು ಟೇಬಲ್, ಎಲ್ಲಕ್ಕಿಂತ ಹೆಚ್ಚು, ಮದುಮಗಳನ್ನು. ರಂಗಕ್ಕೇ ಬಾರದ ಮದುಮಗಳು! ಮೂರು ಗಂಟೆ ಮೇಕಪ್ ಯಾರು ಮಾಡಿಕೊಳ್ಳುತ್ತಾರೆ, ಅವಳು ಹಿತ್ತಲ ಬಾಗಿಲಿಂದ ಹೋಗಿ ಬಂದಿದ್ದಾಳೆ ಎಂದು ಒಂದು ಟೇಬಲ್ಲಿನವರು ಒಂದು ಪುಟ ವಾದ ಬರೆದಿದ್ದರು. ಅಜ್ಜಿಯ ಹಟಕ್ಕೆ ನಾವು ಹಚ್ಚಿದ ತೇಪೆ ಪ್ರೇಕ್ಷಕರಿಗೆ ದೊಡ್ಡ ಸುಳಿವಾಗಿ ಕಂಡಿತ್ತು. ಮತ್ತೆ ಮತ್ತೆ ಹೆಸರು ಹೇಳಿ ಮುಖ ತೋರಿಸದಿದ್ದರೆ ಅನುಮಾನ ಅಲ್ಲಿಗೇ ಹೋಗುತ್ತದೆ. ರಿಹರ್ಸಲ್‌ಗೆ ಕಥೆ ಗೊತ್ತಿಲ್ಲದ ನಾಲ್ಕು ಜನರನ್ನು ಕೂರಿಸಿದ್ದರೆ ಆವತ್ತೇ ತಿಳಿಯುತ್ತಿತ್ತು. ನಾವು ನಾವೇ ನೋಡಿಕೊಂಡು ಚಪ್ಪಾಳೆ ಹೊಡೆದುಕೊಂಡೆವು.

ಹನ್ನೆರಡೂ ಕವರ್ ಕೊಂಡಿದ್ದ ಆರನೇ ಟೇಬಲ್ ಸರಿಯುತ್ತರದ ಐದರಲ್ಲಿತ್ತು. ಅವರು ಕೈಬರಹವನ್ನಷ್ಟೇ ಕಾರಣ ಕೊಟ್ಟಿದ್ದರು. ಬಹುಮಾನ ಹೋದದ್ದು ಭಜನಾ ಮಂಡಳಿಯ ಆರು ಹೆಂಗಸರಿಗೆ. ಒಂದು ಕವರೂ ಕೊಂಡಿರಲಿಲ್ಲ. ಅವರ ಚೀಟಿಯಲ್ಲಿದ್ದದ್ದು ಇಷ್ಟೇ: "ಭಾವಮೈದ. ಮುಹೂರ್ತವಿಲ್ಲದೆ ಗಟ್ಟಿಮೇಳ ಹೇಳಿದ್ದು ಅವನೇ."

ಡಬ್ಬಿ

ಶಾಲೆಯ ಮಕ್ಕಳನ್ನು ವೇದಿಕೆಗೆ ಕರೆಸಿ ಒಂದು ಹಾಡು ಹಾಡಿಸೋಣ ಎಂಬ ಯೋಚನೆ ಕಮಿಟಿಗಿತ್ತು. ಮುಖ್ಯೋಪಾಧ್ಯಾಯಿನಿ ಖಂಡಿತ ಆಗುವುದಿಲ್ಲ ಎಂದರು. "ಮಕ್ಕಳನ್ನ ತೋರಿಸಿ ಕೇಳೋದು ಬೇಡ ಸಾರ್. ಏನು ಬೇಕೋ ಅದನ್ನ ತೋರಿಸಿ." ಅವರು ಕಳಿಸಿದ್ದು ಇಪ್ಪತ್ತನಾಲ್ಕು ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಒಳಗೆ ತೊಳೆದಿಟ್ಟ ಒಂದು ಹಳೆಯ ಕಿವಿ ಅಚ್ಚು, ಒಂದು ಖಾಲಿ ಬ್ಯಾಟರಿ, ಒಂದು ಚೀಟಿ. ಅಚ್ಚು ನೆನೆದ ಬಾದಾಮಿಯಷ್ಟಿತ್ತು, ಅರೆಪಾರದರ್ಶಕ, ಒಂದು ಬದಿ ಕಿವಿಯ ತಿರುವಿನಂತೆ ಸುತ್ತಿಕೊಂಡಿತ್ತು. ಚೀಟಿಯಲ್ಲಿ "ಆರನೇ ವಯಸ್ಸಿಗೆ ಮಾಡಿಸಿದ್ದು. ಏಳಕ್ಕೆ ಹಿಡಿಸಲಿಲ್ಲ" ಎಂದು ಮಾತ್ರ. ವಯಸ್ಸು ಡಬ್ಬಿಯಿಂದ ಡಬ್ಬಿಗೆ ಬೇರೆ.

ಜನ ಅದನ್ನು ಸುಳಿವು ಎಂದುಕೊಂಡರು. ಎರಡು ಟೇಬಲ್ಲಿನವರು ಕೊಲೆಗಾರನ ಕಿವಿಯಿಂದ ಬಿದ್ದದ್ದು ಎಂದು ಉತ್ತರದಲ್ಲಿ ಬರೆದೂ ಇದ್ದರು. ಆದರೆ ಸುಳಿವು ಎಂದುಕೊಂಡದ್ದರಿಂದಲೇ ಎಲ್ಲರೂ ಕೈಗೆ ತೆಗೆದುಕೊಂಡು, ತಿರುಗಿಸಿ, ತಮ್ಮ ಕಿವಿಗೆ ಹಿಡಿದು ನೋಡಿದ್ದರು. ಊಟದ ಕೊನೆಯಲ್ಲಿ ಅದೇನೆಂದು ಮೇಷ್ಟ್ರು ಹೇಳಿದಾಗ ಛತ್ರದಲ್ಲಿ ಸ್ವಲ್ಪ ಹೊತ್ತು ಎಲೆಯ ಸದ್ದೂ ಇರಲಿಲ್ಲ. ಅವತ್ತು ಮತ್ತು ಮರುದಿನ ಸೇರಿ 41,000 ಬಂತು. ಯಾರನ್ನೂ ಬಾಯಿಬಿಟ್ಟು ಕೇಳಿರಲಿಲ್ಲ.

ರಸೀದಿಯ ಮಾತು ಇಲ್ಲೇ ಹೇಳಬೇಕು, ಸಂಘಗಳು ಎಡವುವುದು ಇಲ್ಲೇ. ನಮ್ಮದು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಾಯಿಸಿದ ಕ್ಲಬ್ಬು, ದಾನಿಗಳಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಮಾನ್ಯತೆ ನಮಗಿರಲಿಲ್ಲ. ಟಿಕೆಟ್ ಹಣಕ್ಕೆ ಊಟ, ಆಟ ಕೊಟ್ಟಿದ್ದೇವೆ, ಅದು ದಾನವಲ್ಲ. ತೆರಿಗೆ ವಿನಾಯಿತಿ ಬೇಕೆಂದ ಇಬ್ಬರ 25,000ವನ್ನು ಶಾಲೆಯ ಟ್ರಸ್ಟಿನ ಹೆಸರಿಗೇ ಚೆಕ್ ಬರೆಸಿದೆವು. 2,000 ರೂಪಾಯಿ ಮೀರಿದ ನಗದು ದಾನಕ್ಕೆ ವಿನಾಯಿತಿ ಸಿಗುವುದಿಲ್ಲ. ಉಳಿದ 16,000 ಕ್ಲಬ್ಬಿನ ಖಾತೆಗೆ, ಅಲ್ಲಿಂದ ಮಿಕ್ಕ ಹಣದ ಜೊತೆ ಶಾಲೆಗೆ. ಆ ಹಾಳೆಯ 1,04,000 ಕೊಟ್ಟ ಮೇಲೆ 2,650 ಉಳಿಯಿತು. ಅದನ್ನು ಮುಂದಿನ ವರ್ಷದ ಮುದ್ರಣಕ್ಕೆ ಇಟ್ಟುಕೊಳ್ಳೋಣ ಎಂದರು ಕೆಲವರು. ಮಕ್ಕಳ ಹೆಸರಲ್ಲಿ ಬಂದದ್ದು ಮಕ್ಕಳಿಗೇ ಎಂದು ಅದನ್ನೂ ಕಳಿಸಿದೆ.

ಮುಂದಿನ ವರ್ಷಕ್ಕೆ ಕಮಿಟಿ ಕೂತಾಗ ಹಳೆಯ ಬಾಕಿ 1,600 ಕೇಳಲು ಭಟ್ಟರು ಬಂದಿದ್ದರು. ಆ ಸಂಜೆ ಉಂಡವರಿಂದ ಅವರಿಗೆ ಎರಡು ಉಪನಯನದ ಆರ್ಡರ್ ಸಿಕ್ಕಿತ್ತು. ಹಣ ಎಣಿಸಿ ಜೇಬಿಗಿಟ್ಟುಕೊಂಡು ಬಾಗಿಲ ತನಕ ಹೋದವರು ತಿರುಗಿ ನಿಂತು ಹೇಳಿದರು: "ಈ ಸಲ ಬೇಕಾದ್ರೆ ವಿಷಾನೇ ಇಟ್ಕೊಳ್ಳಿ ಸಾರ್. ಪಾಯಸಕ್ಕೆ ಮಾತ್ರ ಬೇಡ. ಕೋಸಂಬರಿಗೆ ಹಾಕಿ, ಅದನ್ನ ಹೇಗೂ ಎಲ್ಲರೂ ಎಲೇಲೇ ಬಿಡ್ತಾರೆ."